ಕಾರು ನಿಂತರೆ ದನಿ ತಗ್ಗಿಸುವ ಮಹೀನ್ ಆಂಟಿ

ಶನಿವಾರ ಬೆಳಿಗ್ಗೆ ಆಸ್ಟಿನ್ ಬಿಟ್ಟೆವು: ನಾನು, ನನ್ನ ರೂಮ್‌ಮೇಟ್ ಬೆಹಜಾದ್, ಮಗನನ್ನು ನೋಡಲು ಟೆಹರಾನಿನಿಂದ ಬಂದಿದ್ದ ಅವನ ತಾಯಿ ಮಹೀನ್ ಆಂಟಿ. ಹ್ಯೂಸ್ಟನ್ನಿಗೆ ಮೂರು ಗಂಟೆ ಹಾದಿ. ಅಲ್ಲಿ ಪರ್ಷಿಯನ್ ಹೊಸವರ್ಷದ ಸಂಗೀತ ಕಾರ್ಯಕ್ರಮ. ಹಾಡುವಾಕೆ ಆಂಟಿಯ ಕಾಲೇಜು ದಿನಗಳ ತಾರೆ.

ಕಾರಿನಲ್ಲೂ ಆಕೆಯದೇ ಕ್ಯಾಸೆಟ್. ಪಿಟೀಲು ಅಳುತ್ತಿದ್ದರೂ ತಾಳ ಕುಣಿಸುತ್ತಿತ್ತು. ಕಾರು ಓಡಿಸುತ್ತಿದ್ದ ಬೆಹಜಾದ್ ದಾರಿಯುದ್ದಕ್ಕೂ ಆ ಹಾಡುಗಳ ಚರಿತ್ರೆ ಹೇಳಿದ. ಒಂದು ಕಾಲಕ್ಕೆ ಟೆಹರಾನಿನ ರೇಡಿಯೋ ತುಂಬ ಇಂಥ ಹಾಡುಗಳೇ. ಇರಾನಿನಲ್ಲಿ ಇಸ್ಲಾಮಿಕ್ ಕ್ರಾಂತಿಯಾದ ನಂತರ ನಿಷೇಧ ಬಂತು. ಬಹಳಷ್ಟು ಗಾಯಕರು ಲಾಸ್ ಏಂಜಲೀಸ್ ಸೇರಿ ಅಲ್ಲಿಂದಲೇ ಹಾಡಿದರು. ಕ್ಯಾಸೆಟ್ಟುಗಳು ಕದ್ದುಮುಚ್ಚಿ ಊರಿಗೆ ಮರಳಿದವು. ಈಚೆಗೆ ಗಂಡಸರ ಪಾಪ್ ಹಾಡಿಗೆ ಅಲ್ಲಿ ಅನುಮತಿಯಿದೆ. ಆದರೆ ಗಂಡಸರಿರುವ ಸಭೆಯಲ್ಲಿ ಹೆಂಗಸೊಬ್ಬಳೇ ಈಗಲೂ ಹಾಡುವಂತಿಲ್ಲ.

ಕಾರು ನಿಂತಾಗಲೆಲ್ಲ ಮುಂದೆ ಕೂತಿದ್ದ ಆಂಟಿಯ ಕೈ ತಾನಾಗಿ ಹೋಗಿ ಟೇಪಿನ ದನಿ ತಗ್ಗಿಸುತ್ತಿತ್ತು. ಯಾಕೆಂದು ಕೇಳಿದೆ.

"ಅಲ್ಲಿ ಪೊಲೀಸ್ರು ಕಾರು ನಿಲ್ಲಿಸಿ ಕ್ಯಾಸೆಟ್ ಕಿತ್ಕೊಳ್ತಿದ್ರು," ಎಂದ ಬೆಹಜಾದ್. "ಮೊದಲು ಅಮ್ಮ ಮನೆ ತುಂಬ ಹಾಡ್ತಿದ್ಲು. ಈಗ ಬರೀ ತುಟಿ ಆಡಿಸ್ತಾಳೆ. ಮುಂದಿನ ವಾರ ವಾಪಸ್ ಹೋಗ್ತಾಳೆ. ಅಷ್ಟರಲ್ಲಿ ಒಂದ್ಸಲ ಅವಳ ದನಿ ಕೇಳ್ಬೇಕು ಕಣೋ."

ಕಾರ್ಯಕ್ರಮ ನಮ್ಮೂರಿನಂತೆಯೇ ತಡವಾಗಿ ಶುರುವಾಯಿತು. ಅಜ್ಜಿಯರೂ ಎದ್ದು ಕುಣಿದರು. ಸಭೆಗೆ ಸಭೆಯೇ ಹಾಡುತ್ತಿದ್ದರೂ ಆಂಟಿಯ ತುಟಿ ಮಾತ್ರ ಆಡಿತು, ದನಿ ಹೊರಡಲಿಲ್ಲ.

ಆ ರಾತ್ರಿ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ, ನನಗೆ ಪರಿಚಯದ ಧಾರವಾಡದ ಸರೋಜಾ ಆಂಟಿಯ ಮನೆಯಲ್ಲಿ ಉಳಿದೆವು. ಅವರು ರೊಟ್ಟಿ, ಎಣ್ಣೆಗಾಯಿ ಬಡಿಸುತ್ತ ನಮ್ಮ ಕಥೆ ಕೇಳಿದರು.

"ಹಾಡಾಕ ಯಾಕ್ರಿ ಅಂಜತೀರಿ? ನಾ ದಿನಾ ಅಡಿಗಿಮನ್ಯಾಗ ಕಾಗಿಹಂಗ ಕೂಗ್ತೀನಿ. ಯಾರೂ ಹಿಡಕೊಂಡು ಹೋಗಿಲ್ಲ!"

ನಾನು ಅದನ್ನು ಇಂಗ್ಲಿಷಿಗೆ ತಂದೆ, ಬೆಹಜಾದ್ ಪರ್ಷಿಯನ್ನಿಗೆ. ಮಹೀನ್ ಆಂಟಿ ಬಿದ್ದುಬಿದ್ದು ನಕ್ಕರು. ಹಾಡಲಿಲ್ಲ.

ಭಾನುವಾರ ವಾಪಸಾದೆವು. ನಾನು ದಾರಿಬದಿಯ ನೀಲಿ ಹೂಗಳನ್ನು ತೋರಿಸಿದರೂ ಬೆಹಜಾದ್ ಅತ್ತ ತಿರುಗದೆ ಕಾರು ಓಡಿಸಿದ. ಆಸ್ಟಿನ್ನಿನಲ್ಲಿ ನಮ್ಮ ಮನೆಯ ಹತ್ತಿರದ ಸಿಗ್ನಲ್ ಕೆಂಪಾಯಿತು. ಮಹೀನ್ ಆಂಟಿಯ ಕೈ ಮತ್ತೆ ಟೇಪಿನತ್ತ ಹೋಯಿತು. ಈ ಸಲ ತಗ್ಗಿಸಲಿಲ್ಲ, ಪೂರ್ತಿ ನಿಲ್ಲಿಸಿಯೇಬಿಟ್ಟರು. ಬೆಹಜಾದನ ಮುಖ ಬಾಡಿತು.

ಆಂಟಿ ಕಿಟಕಿಯ ಗಾಜು ಇಳಿಸಿದರು. ಗಂಟಲು ಸರಿಮಾಡಿಕೊಂಡು, ಕ್ಯಾಸೆಟ್ ನಿಂತಲ್ಲಿಂದಲೇ ಹಾಡು ಎತ್ತಿಕೊಂಡರು. ಅಭ್ಯಾಸ ತಪ್ಪಿದ ಒರಟು ದನಿ, ಬೀದಿಗೆಲ್ಲ ಕೇಳುವಷ್ಟು ದೊಡ್ಡದು. ಪಕ್ಕದ ಪಿಕಪ್ ಟ್ರಕ್ಕಿನವನು ತನ್ನ ರೇಡಿಯೋ ತಗ್ಗಿಸಿದ.

ದೀಪ ಹಸಿರಾಯಿತು. ಬೆಹಜಾದ್ ಕಣ್ಣೊರೆಸಿಕೊಳ್ಳುತ್ತ ಕೂತೇ ಇದ್ದ. ಹಿಂದಿನವರು ಹಾರ್ನ್ ಹೊಡೆದರು.

"ಹೊಡ್ಕೊಳ್ಲಿ ಬಿಡೋ," ಎಂದೆ.