ಹಮೀದ್ ಕತ್ತರಿಸಿದ ಮಂಚ

"ನಿಮ್ಮ ಮಂಚ ಸಿಕ್ಕಿತ್ತು ಟೀಚರೇ. ಆದ್ರೆ ನಾನೇ ಅದನ್ನು ಕಟ್ ಮಾಡಿದೆ."

ಕಳೆದ ಶುಕ್ರವಾರ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹಮೀದ್ ಹೀಗೆ ಹೇಳಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಹಮೀದ್ ನನ್ನ ಹಳೆಯ ವಿದ್ಯಾರ್ಥಿ, ನಮ್ಮ ಹೊಸಂಗಡಿಯವನೇ. ಗಲ್ಫಿನಲ್ಲಿ ಸ್ಟೋರ್‌ಕೀಪರ್ (ಹಾಗೆಂದು ಅವನ ತಾಯಿ ಊರಿಡೀ ಹೇಳಿಕೊಂಡಿದ್ದರು). ರಜೆಯಲ್ಲಿ ಬಂದಿದ್ದ.

ಗಲ್ಫಿನಿಂದ ಬರುವವರ ಮುಂದೆ ಪಟ್ಟಿ ಇಡುವುದು ನಮ್ಮೂರಿನವರ ಅಭ್ಯಾಸ. ಮುಲಾಮು, ಸೆಂಟು, ಟಾರ್ಚು, ಕಂಬಳಿ. ನಾನು ಕೇಳಿದ್ದು ಆಸ್ಪತ್ರೆಯ ಮಂಚ.

ನನಗಲ್ಲ, ಗುಡ್ಡದ ಮೇಲಿನ ಮನೆಯ ಗಿರಿಜಳ ಮಗಳಿಗೆ. ಹನ್ನೆರಡು ವರ್ಷದ ಅಶ್ವಿನಿ ಹುಟ್ಟಿದಂದಿನಿಂದ ಮಲಗಿದಲ್ಲೇ. ವಾರಕ್ಕೊಮ್ಮೆ ನಾನು ಅಲ್ಲಿಗೇ ಹೋಗಿ ಪಾಠ ಮಾಡುತ್ತೇನೆ (ಪಾಠವೆಂದರೆ ಕತೆ, ಹಾಡು, ಅವಳ ನಗು). ತಲೆ ಎತ್ತರದಲ್ಲಿಟ್ಟು ಉಣಿಸದಿದ್ದರೆ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ, ಇನ್ನೊಮ್ಮೆ ನ್ಯುಮೋನಿಯಾ ಬಂದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಗಿರಿಜ ನೆಲದ ಮೇಲೆ ಕುಳಿತು, ಮಗಳನ್ನು ಎದೆಗೆ ಒರಗಿಸಿಕೊಂಡು ಉಣಿಸುತ್ತಾಳೆ. ಹುಡುಗಿ ಬೆಳೆಯುತ್ತಿದ್ದಾಳೆ, ತಾಯಿಯ ಸೊಂಟ ಸೋತಿದೆ.

ಹಿಡಿ ತಿರುಗಿಸಿದರೆ ತಲೆಯ ಕಡೆ ಏಳುವ ಹಳೆಯ ಮಂಚ ಎಲ್ಲಿಯಾದರೂ ಉಂಟಾ ಎಂದು ಹಮೀದನಿಗೆ ವಾಟ್ಸಾಪ್ ಮಾಡಿದೆ. ಮರುದಿನವೇ ಫೋಟೋ ಬಂತು. ಸಾಲುಸಾಲು ಮಂಚ. ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿಲ್ಲ. "ಕೇಳಿ ನೋಡ್ತೇನೆ, ಇನ್ಶಾ ಅಲ್ಲಾ" ಎಂದು ಕೆಳಗೆ ಬರೆದಿದ್ದ.

ನನ್ನ ತಪ್ಪು ನೋಡಿ. ಇಷ್ಟು ವರ್ಷ ಬ್ಯಾರಿ ಮುಸ್ಲಿಮರ ಮಕ್ಕಳಿಗೆ ಪಾಠ ಮಾಡಿಯೂ, 'ದೇವರು ಬಯಸಿದರೆ' ಎಂಬ ಆ ಮಾತನ್ನು 'ಆಯಿತು' ಎಂದೇ ತೆಗೆದುಕೊಂಡೆ. ಫೋಟೋವನ್ನು ಗಿರಿಜಳಿಗೆ ತೋರಿಸಿಯೂ ಬಿಟ್ಟೆ. ಅವಳು ಅಕ್ಕಿಯ ಡ್ರಮ್ಮು, ಹೊಲಿಗೆ ಮೆಷಿನ್ ಎಲ್ಲ ಹೊರಗಿಟ್ಟು ಮಂಚಕ್ಕೆ ಜಾಗ ಮಾಡಿದಳು.

"ಕಟ್ ಮಾಡಿದೆ ಅಂದ್ರೆ ಎಂತ ಮಾರಾಯ?"

ಹಮೀದ್ ಚಹಾ ಮುಟ್ಟಲಿಲ್ಲ. "ನಾನು ಸ್ಟೋರ್‌ಕೀಪರ್ ಅಲ್ಲ ಟೀಚರೇ. ಗುಜರಿ ಯಾರ್ಡಲ್ಲಿ ಗ್ಯಾಸ್ ಕಟ್ಟರ್ ಹಿಡಿಯುವವ. ಪಕ್ಕದ ದೇಶದಲ್ಲಿ ಯುದ್ಧ ಮಾಡಿದ ದೂರದ ದೇಶದ ಸೈನ್ಯದವರ ಕ್ಯಾಂಪಿನ, ಆಸ್ಪತ್ರೆಯ ಸಾಮಾನೆಲ್ಲ ನಮ್ಮಲ್ಲಿಗೆ ಬರ್ತದೆ. ಅವರ ಊರಿಗೆ ವಾಪಸ್ ಸಾಗಿಸ್ಲಿಕ್ಕೆ ಖರ್ಚು ಜಾಸ್ತಿಯಂತೆ. ಯಾರಿಗೂ ಕೊಡ್ಲಿಕ್ಕೂ ಇಲ್ಲ. ಶತ್ರುಗಳ ಕೈಗೆ ಸಿಗಬಾರದು ಅಂತ ರೂಲ್ ಉಂಟು. ಒಂದೊಂದನ್ನೂ ಮೂರು ತುಂಡು ಮಾಡಿ ಫೋಟೋ ತೆಗೀಬೇಕು."

"ಹೊಸತನ್ನೂ?"

"ಹೊಸತೇ ಜಾಸ್ತಿ. ಜನರೇಟರ್, ಫ್ರಿಜ್ಜು, ವೀಲ್‌ಚೇರು. ನಮ್ಮೂರಿನ ಮಗುವಿಗೆ ಒಂದು ಮಂಚ ಕೊಡಿ ಅಂತ ಸೂಪರ್‌ವೈಸರನ ಹತ್ರ ಕೇಳಿದೆ. ಅವನೂ ಪಾಪ, ಕಣ್ಣೂರಿನವ. ಇನ್ನೊಮ್ಮೆ ಕೇಳ್ಬೇಡ, ಇಬ್ಬರ ಕೆಲಸವೂ ಹೋಗ್ತದೆ ಅಂದ. ಮಧ್ಯಾಹ್ನದ ಒಳಗೆ ಎಲ್ಲವನ್ನೂ ಕಟ್ ಮಾಡಿ ಮುಗಿಸಿದೆ."

ಯುದ್ಧದ ಖರ್ಚೆಂದರೆ ಬಾಂಬು, ಟ್ಯಾಂಕು ಎಂದುಕೊಂಡಿದ್ದವಳು ನಾನು. ಇದೆಂಥ ಲೆಕ್ಕಾಚಾರ? ಮಂಚ ಕೊಳ್ಳುವುದಕ್ಕೆ ದುಡ್ಡುಂಟು. ಸಮುದ್ರ ದಾಟಿಸಿ ತರುವುದಕ್ಕೆ, ಬಂದೂಕು ಹಿಡಿದು ಕಾಯುವುದಕ್ಕೆ, ಕೊನೆಗೆ ಕತ್ತರಿಸುವುದಕ್ಕೂ ದುಡ್ಡುಂಟು. ಒಂದು ಮಗುವಿಗೆ ಕೊಡುವುದಕ್ಕೆ ಮಾತ್ರ ರೂಲ್ ಇಲ್ಲ.

ದೂರದವರನ್ನೇ ಬೈದು ಸುಮ್ಮನಾಗೋಣವೇ? ನಮ್ಮ ದೇಶ ಹೊಸ ಯುದ್ಧವಿಮಾನ ಕೊಳ್ಳುತ್ತದೆಂದು ಟಿವಿಯಲ್ಲಿ ಬಂದ ದಿನ ಚಪ್ಪಾಳೆ ತಟ್ಟಿದವಳು ನಾನೇ. ಅದೇ ವಾರ ಮಂಚಕ್ಕಾಗಿ ಗಿರಿಜಳ ಅರ್ಜಿ ಹಿಡಿದು ಪಂಚಾಯತ್ ಆಫೀಸಿಗೆ ಹೋದರೆ, "ಫಂಡ್ ಇಲ್ಲ ಟೀಚರೇ" ಎಂಬ ಉತ್ತರ. ಎರಡನ್ನೂ ಸೇರಿಸಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ (ಮಕ್ಕಳಿಗೆ ಸಮಾಜ ಪಾಠ ಮಾಡುವವಳು ಬೇರೆ). ನಾಚಿಕೆಯಾಗುತ್ತದೆ.

ಭಾನುವಾರ ಹಮೀದನನ್ನು ಕರೆದುಕೊಂಡು ಗುಡ್ಡ ಹತ್ತಿದೆ. ಒಬ್ಬಳೇ ಹೋಗಲು ಧೈರ್ಯವಿರಲಿಲ್ಲ. ಗಿರಿಜ ಮಗಳಿಗೆ ಗಂಜಿ ಉಣಿಸುತ್ತಿದ್ದಳು. ಹಮೀದ್ ತಲೆತಗ್ಗಿಸಿ ಎಲ್ಲವನ್ನೂ ಹೇಳಿದ. ಅಷ್ಟರಲ್ಲಿ ಅಶ್ವಿನಿಗೆ ಕೆಮ್ಮು ಹತ್ತಿತು. ಮುಖ ಕೆಂಪಾಯಿತು, ಉಸಿರು ಸಿಕ್ಕಿಕೊಂಡಿತು. ಗಿರಿಜ ಅವಳನ್ನು ಬಗ್ಗಿಸಿ ಬೆನ್ನು ತಟ್ಟಿದಳು, ಬಾಯಿ ಒರೆಸಿದಳು, ಉಸಿರು ಸರಿಯಾಗುವವರೆಗೆ ಕಾದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಷ್ಟೆಲ್ಲ ಕೋವಿ ಇಟ್ಟುಕೊಂಡವರಿಗೆ ಒಂದು ಮಂಚದ ಹೆದರಿಕೆ ಎಂತಕ್ಕೆ ಟೀಚರೇ?"