ಮೇಕೆಗಳು ಒಪ್ಪಿದ ಸೇತುವೆ

ನೇಪಾಳದ ಒಂದು ಬೆಟ್ಟದ ಹಳ್ಳಿಯಲ್ಲಿ ಕಾಲುಸೇತುವೆ ಕಟ್ಟಲು ಬೆಂಗಳೂರಿನಿಂದ ಹೋದ ಸ್ವಯಂಸೇವಕರಲ್ಲಿ ಎಂಜಿನಿಯರಾದ ನಾನೂ ಒಬ್ಬಳು. ಈ ಕತೆಯನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಹೊಳೆ ತುಸು ಅಗಲವಾಗಿದೆ, ನಾನು ಹೊತ್ತ ಭಾರ ತುಸು ಹೆಚ್ಚಾಗಿದೆ. ಹಾಗಾಗಿ ಇದನ್ನು ಬರೆಯುವಾಗ, ಅಂದು ನನ್ನ ಜೊತೆಗಿದ್ದ ಗೆಳೆಯನನ್ನು ಹಲಸೂರಿನ ನಮ್ಮ ಮನೆಗೆ ಕರೆಸಿ ಎದುರಿಗೆ ಕೂರಿಸಿಕೊಂಡಿದ್ದೇನೆ. ಕಾಲೇಜಿನಲ್ಲಿ ನನ್ನ ಸಹಪಾಠಿ. ಈಗ ಶಿವಾಜಿನಗರದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾನೆ. ಮನೆಮಾತು ದಖ್ಖನಿ ಉರ್ದುವಾದ್ದರಿಂದ ಅಲ್ಲಿಯ ಜನರ ಮುರುಕು ಹಿಂದಿ ಅವನಿಗೆ ಬೇಗ ಹತ್ತಿತು. ಆ ಊರಲ್ಲಿ ನನ್ನ ಬಾಯಿ, ಕಿವಿ ಎರಡೂ ಅವನೇ.

ಉಕ್ಕಿನ ಹಗ್ಗಗಳನ್ನು ಬಿಗಿಯಲು ಎರಡೂ ದಡದಲ್ಲಿ ಕಾಂಕ್ರೀಟಿನ ದೊಡ್ಡ ಬ್ಲಾಕ್ ಹೂಳಬೇಕಿತ್ತು. ಈಚೆ ದಡದಲ್ಲಿ ಅದಕ್ಕೆ ತಕ್ಕ ಗಟ್ಟಿ ನೆಲ ಸಿಕ್ಕಿದ್ದು ಒಬ್ಬ ವಿಧವೆಯ ರಾಗಿ ಹೊಲದಲ್ಲಿ. ನಾವೆಲ್ಲ ಅವರನ್ನು ದೀದಿ ಎನ್ನುತ್ತಿದ್ದೆವು. ಅವರಿಗಿದ್ದದ್ದು ಆ ಒಂದು ಮೆಟ್ಟಿಲು ಹೊಲ, ಹಿತ್ತಲು, ಮತ್ತೆ ಮೇಕೆಗಳು. ಹುಲ್ಲುಗಾವಲೆಲ್ಲ ಆಚೆ ದಡದಲ್ಲಿ. ಮಳೆಗಾಲದಲ್ಲಿ ಹೊಳೆ ಏರಿದರೆ ಮೇವಿಲ್ಲ. ಪ್ರತಿ ವರ್ಷವೂ ಮಂದೆ ಅರ್ಧಕ್ಕಿಳಿಯುತ್ತಿತ್ತು.

ಹೊಲ ಕೇಳಲು ಹೋದಾಗ ದೀದಿ ಮೊದಲು ಆಚೆ ದಡದ ಹುಲ್ಲುಗಾವಲನ್ನು ನೋಡಿದರು. ಆಮೇಲೆ ಹೇಳಿದ್ದನ್ನು ಗೆಳೆಯ ನನಗೆ ದಾಟಿಸಿದ.

"ಹೊಲ ತಗೊಳ್ಳಿ ಅಂತಿದಾರೆ. ಆದ್ರೆ ಹೊಳೆ ಏರೋಕೆ ಮುಂಚೆ ಮೇಕೆಗಳು ಆಚೆ ಹೋಗ್ಲೇಬೇಕಂತೆ. ಹೋಗ್ಲಿಲ್ಲ ಅಂದ್ರೆ ಹೊಲಾನೂ ಇಲ್ಲ, ಮೇಕೇನೂ ಇಲ್ಲ."

"ಖಂಡಿತಾ ಹೋಗ್ತವೆ ಅನ್ನು," ಎಂದೆ ನಾನು.

ಆ ಖಂಡಿತಕ್ಕೆ ಕಾರಣವಿತ್ತು. ಮರದ ಹಲಗೆ ಕೊಳೆಯುತ್ತದೆಂದು ತೂತುತೂತಾದ ಉಕ್ಕಿನ ಹಲಗೆಗಳನ್ನು ಆರಿಸಿದ್ದೆವು. ಹೊರಡುವ ಮೊದಲು ಕೆ.ಆರ್. ಪುರದ ಒಂದು ಶೆಡ್ಡಿನಲ್ಲಿ ಅವನ್ನು ಜೋಡಿಸಿ, ಮೇಲೆ ನಡೆದಿದ್ದೆವು, ಕುಣಿದಿದ್ದೆವು, ಸಿಮೆಂಟಿನ ಮೂಟೆ ಪೇರಿಸಿದ್ದೆವು. ಗೆಳೆಯ ಬಿರಿಯಾನಿ ತಟ್ಟೆ ಹಿಡಿದು ಈ ತುದಿಯಿಂದ ಆ ತುದಿಗೆ ನಡೆದು, "ಒಂದು ಅಗುಳೂ ಬೀಳ್ಲಿಲ್ಲ, ಪಾಸ್!" ಎಂದಿದ್ದ.

ರಸ್ತೆ ಮುಗಿದಲ್ಲಿಂದ ಹಳ್ಳಿಗೆ ಉಕ್ಕಿನ ಹಗ್ಗ ಸಾಗಿಸಿದ್ದನ್ನು ಮಾತ್ರ ನಾನು ಉಬ್ಬಿಸಿ ಹೇಳಬೇಕಾಗಿಲ್ಲ. ಹಗ್ಗವನ್ನು ತುಂಡರಿಸುವಂತಿರಲಿಲ್ಲ. ಇಡೀ ಊರು ಸಾಲಾಗಿ ನಿಂತು, ಒಂದೇ ಹಗ್ಗವನ್ನು ಎಲ್ಲರ ಹೆಗಲಿಗೇರಿಸಿ, ಒಂದೇ ಹೆಜ್ಜೆಗೆ ಬೆಟ್ಟ ಹತ್ತಿತು. ಒಬ್ಬರು ಎಡವಿದರೆ ಹಿಂದಿನವರೆಲ್ಲರ ಹೆಗಲಿಗೂ ಪೆಟ್ಟು. ನನ್ನ ಮುಂದೆ ದೀದಿ ಇದ್ದರು. ತಿರುವು ಬಂದಾಗ ತಿರುಗಿ ನೋಡದೆಯೇ ಕೈಯನ್ನು ಹಿಂದಕ್ಕೆ ಚಾಚಿ, ನಿಧಾನ ಎಂದು ಸನ್ನೆ ಮಾಡುತ್ತಿದ್ದರು. ಹಾಗೆ ಒಂದು ಊರಿನ ಸಾಲಿನಲ್ಲಿ ನಿಂತ ಹೆಮ್ಮೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಸೇತುವೆ ಮುಗಿಯಿತು. ಜನ ದಾಟಿದರು, ಬುಟ್ಟಿ ಹೊತ್ತು ದಾಟಿದರು. ಮೇಲ್ಗಡೆ ಬೆಟ್ಟದಲ್ಲಿ ಮೋಡ ಕವಿದಿತ್ತು. ದೀದಿ ಮಂದೆಯನ್ನು ತಂದರು. ಗಂಟೆ ಕಟ್ಟಿದ ಮುಂದಾಳು ಮೇಕೆ ಹಲಗೆಯ ಮೇಲೆ ಒಂದು ಗೊರಸು ಇಟ್ಟಿತು, ತೂತಿನಲ್ಲಿ ಕೆಳಗಿನ ನೀರನ್ನು ಕಂಡಿತು, ಅಲ್ಲೇ ಕೂತುಬಿಟ್ಟಿತು. ಎಳೆದರೂ ಇಲ್ಲ, ತಳ್ಳಿದರೂ ಇಲ್ಲ. ಅದು ಕೂತದ್ದನ್ನು ನೋಡಿ ಉಳಿದವೂ ಹಿಂದೆ ಸರಿದವು. ಮೊದಲು ಜನ ನಕ್ಕರು. ದೀದಿಯ ಮುಖ ನೋಡಿ ನಗು ನಿಂತಿತು.

"ಎಂಜಿನಿಯರಮ್ಮಾ, ಎಲ್ಲಾ ಟೆಸ್ಟ್ ಮಾಡಿದ್ವಿ. ಒಂದು ಮೇಕೆ ಕರ್ಕೊಂಡ್ ಬರೋಕೆ ಆಗ್ಲಿಲ್ವಾ ನಿಂಗೆ?" ಎಂದ ಗೆಳೆಯ.

"ಪಾಸ್ ಅಂದಿದ್ದು ನೀನು!"

"ನಾನು ಬಿರಿಯಾನಿಗೆ ಹೇಳಿದ್ದು ಕಣೇ. ಅದ್ರಲ್ಲಿದ್ದ ಮೇಕೆ ಏನೂ ತಕರಾರು ಮಾಡ್ಲಿಲ್ಲ."

ಮುಂದಿನದರ ಬಗ್ಗೆ ನಮ್ಮಿಬ್ಬರಿಗೂ ಇವತ್ತಿಗೂ ಒಮ್ಮತವಿಲ್ಲ. "ಗೋಣಿ ಹಾಸೋಣ" ಎಂದ ದನಿ ನನ್ನ ನೆನಪಿನಲ್ಲಿ ನನ್ನದು. ಈಗ ಎದುರಿಗೆ ಕೂತವನು ಟೀ ಲೋಟ ಕೆಳಗಿಟ್ಟು, "ಹಬ್ಬಕ್ಕೆ ಲಾರಿಯಿಂದ ಮೇಕೆ ಇಳಿಸೋವಾಗ ಹಲಗೆ ಮೇಲೆ ಗೋಣಿ ಹಾಕ್ತಾರೆ. ನಮ್ಮ ಬೀದೀಲಿ ಹುಟ್ಟಿದೋರಿಗೆ ಗೊತ್ತು, ನಿಂಗೆಲ್ಲಿಂದ ಹೊಳೀತು?" ಎನ್ನುತ್ತಾನೆ. ಬಹುಶಃ ಅವನೇ ಸರಿ.

ಇಬ್ಬರೂ ಒಪ್ಪುವುದಿಷ್ಟು: ಖಾಲಿ ಸಿಮೆಂಟ್ ಚೀಲಗಳನ್ನು ಹಾಸಿದೆವು, ಅವು ಜಾರಿದವು. ಊರವರು ಅವನ್ನು ತಂತಿಯಿಂದ ಬಿಗಿದರು. ದೀದಿ ತಮ್ಮ ಕೊಟ್ಟಿಗೆಯಿಂದ ಮೇಕೆಗಳು ಮಲಗುತ್ತಿದ್ದ ಹುಲ್ಲನ್ನೇ ತಂದು ಉದ್ದಕ್ಕೂ ಹರವಿದರು, ಅವುಗಳ ಮೂಗಿಗೆ ಮನೆಯ ವಾಸನೆಯೇ ಬರಲೆಂದು. ಆಮೇಲೆ ಆಚೆ ದಡಕ್ಕೆ ಬೆನ್ನು ಹಾಕಿ ಮೇಕೆಗಳತ್ತ ಮುಖಮಾಡಿ, ಕರೆಯುತ್ತಾ ಹಿಂದುಹಿಂದಕ್ಕೆ ನಡೆದರು. ಮುಂದಾಳು ಮೇಕೆ ಎದ್ದಿತು. ಹುಲ್ಲು ಮೂಸಿತು. ಗಂಟೆ ಅಲುಗಿತು. ಉಳಿದವು ಒಂದರ ಹಿಂದೊಂದು ಹೊರಟವು. ಸೇತುವೆ ತೂಗುತ್ತಿತ್ತು. ಕೊನೆಯ ಮರಿ ಆಚೆ ದಡದ ಹುಲ್ಲಿಗೆ ಬಾಯಿ ಹಾಕಿದಾಗ ಇಡೀ ಊರು ಕೂಗಿತು. ದೀದಿ ಮಾತ್ರ ನಮ್ಮತ್ತ ಕೈ ಕೂಡ ಬೀಸಲಿಲ್ಲ. ಆಗಲೇ ಗುಡ್ಡ ಹತ್ತಿದ ಒಂದನ್ನು ಬೈಯುತ್ತಾ ಓಡುತ್ತಿದ್ದರು. ಅದಕ್ಕಿಂತ ದೊಡ್ಡ ಉದ್ಘಾಟನೆಯನ್ನು ನಾನು ಕಂಡಿಲ್ಲ.

ನಾವು ಬೆಂಗಳೂರಿಗೆ ಮರಳಿದ ಮೇಲೆ, ಆ ಮಳೆಗಾಲ ಮುಗಿಯುವ ಹೊತ್ತಿಗೆ ಗೆಳೆಯ ಅಂಗಡಿಯಿಂದ ಫೋನ್ ಮಾಡಿದ. ದೀದಿ ಅವನಿಗೆ ಕರೆ ಮಾಡಿದ್ದರಂತೆ.

"ಮಂದೆ ಹೇಗಿದ್ಯಂತೆ?"

"ಒಂದೂ ಕಮ್ಮಿಯಾಗಿಲ್ಲ. ಗೋಣಿಯೆಲ್ಲ ಮಳೇಲಿ ಕಿತ್ಹೋಯ್ತಂತೆ, ಈಗ ಬರೀ ಕಬ್ಬಿಣದ ಮೇಲೇ ಓಡಾಡ್ತವಂತೆ. ಆದ್ರೆ ನಿನ್ ಮೇಲೆ ಕಂಪ್ಲೇಂಟ್ ಇದೆ."

"ಏನು?"

"ಆಚೆ ದಡದೋರ ಮೇಕೆಗಳು ಈಚೆ ಬಂದು ಅವ್ರ ಹಿತ್ತಲಿನ ಸೊಪ್ಪೆಲ್ಲಾ ಮೇಯ್ದಿವೆಯಂತೆ. ಸೇತುವೆಗೊಂದು ಬಾಗಿಲು ಯಾಕಿಡ್ಲಿಲ್ಲ ಅಂತ ಕೇಳ್ತಿದಾರೆ."

ನಗುತ್ತಲೇ ಕಾಗದ ಎಳೆದುಕೊಂಡೆ. ಬೆನ್ನ ಮೇಲೆ ಬುಟ್ಟಿ ಹೊತ್ತವರು ಮೊಣಕಾಲಿನಿಂದ ತಳ್ಳಿದರೆ ತೆರೆಯಬೇಕು, ಮೇಕೆ ಹಾಯ್ದರೆ ತೆರೆಯಬಾರದು. ಆ ಸಂಜೆಯೆಲ್ಲ ಅಂಥ ಒಂದು ಬಾಗಿಲಿನ ನಕ್ಷೆ ಬರೆಯುತ್ತಾ ಕೂತಿದ್ದೆ.