ಹದಿನೆಂಟು ಕಾರ್ಡುಗಳ ಗುಮಾಸ್ತ

ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಆರು ವರ್ಷ ಗುಮಾಸ್ತನಾಗಿದ್ದೆ. ಅಲ್ಲಿನ ಸಾಹುಕಾರನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಕಾನೂನು. ಭತ್ತ ಒಣಗಿಸುವ ಅಂಗಳದಲ್ಲಿ ಹದಿನೆಂಟು ಹೆಣ್ಣುಮಕ್ಕಳು ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಭತ್ತ ತಿರುವುತ್ತ ದಿನವಿಡೀ ನಡೆಯುತ್ತಿದ್ದರು. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಯನ್ನು ಆತ ಒಂದು ರೂಪಾಯಿಯೂ ಕಡಿಮೆಯಾಗದಂತೆ ತಿಂಗಳಿಗೊಮ್ಮೆ ಅವರ ಬ್ಯಾಂಕ್ ಖಾತೆಗೆ ಹಾಕುತ್ತಿದ್ದ.

ಮರುದಿನ ಅದನ್ನು ವಾಪಸು ತರುವ ಕೆಲಸ ನನ್ನದು. ಅವರ ಖಾತೆ ತೆರೆಸಿದವನು ನಾನೇ, ಎಟಿಎಂ ಕಾರ್ಡುಗಳು ಬಂದಾಗ ಇಸಿದುಕೊಂಡವನೂ ನಾನೇ. ಹದಿನೆಂಟಕ್ಕೂ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕಿ ಬಸ್ ಸ್ಟ್ಯಾಂಡಿನ ಹತ್ತಿರದ ಎಟಿಎಂಗೆ ಹೋಗುತ್ತಿದ್ದೆ. ಹಿಂದೆ ನಿಂತವರು ಗೊಣಗಿದರೆ ತಿರುಗಿ ನೋಡುತ್ತಿರಲಿಲ್ಲ. ತಂದದ್ದರಲ್ಲಿ, ಖಾತೆ ತೆರೆಸುವ ಮೊದಲು ಕೊಡುತ್ತಿದ್ದ ಹಳೆಯ ಕೂಲಿಯಷ್ಟು ಅವರ ಕೈಗೆ, ಉಳಿದದ್ದು ಸಾಹುಕಾರನ ಗಲ್ಲಾಪೆಟ್ಟಿಗೆಗೆ.

ಖಾತೆಗೆ ಎಷ್ಟು ಬೀಳುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ಮಿಷನ್ನಿಗೆ ಹೆದರುತ್ತಿದ್ದ ಅವರು, ಬಿಸಿಲಲ್ಲಿ ನಿಂತು ರೊಕ್ಕ ತಂದುಕೊಡುತ್ತಾನೆಂದು ನನ್ನನ್ನೇ ಹರಸುತ್ತಿದ್ದರು. ಕೇಳಿಕೊಂಡು ಹಲ್ಲು ಕಿರಿಯುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಒಮ್ಮೆ ಆಫೀಸಿನ ಟಿವಿಯಲ್ಲಿ ಕೋಟು ತೊಟ್ಟವನೊಬ್ಬ, ಖಾತೆಗೆ ಸಂಬಳ ಬೀಳುವ ನೌಕರಿಗಳು ದೇಶದಲ್ಲಿ ಹೆಚ್ಚುತ್ತಿವೆ ಎಂದು ಮೇಲಕ್ಕೇರುವ ಗೆರೆಯೊಂದನ್ನು ತೋರಿಸುತ್ತಿದ್ದ. ಆ ಗೆರೆಯಲ್ಲಿ ನಮ್ಮ ಹದಿನೆಂಟು ಜನರೂ ಇದ್ದರು. ಟಿವಿಗೆ ಕಲ್ಲು ಎತ್ತಿ ಹಾಕಬೇಕೆನಿಸಿತು. ಸಾಹುಕಾರ ಸೌಂಡ್ ಜಾಸ್ತಿ ಮಾಡು ಅಂದ, ಮಾಡಿದೆ.

ಕೂಲಿ ತಪಾಸಣೆಗೆ ಅಧಿಕಾರಿ ಬರುತ್ತಾನೆಂದು ಹಿಂದಿನ ದಿನವೇ ಫೋನು ಬಂತು. ಕಳ್ಳನಿಗೆ ಮೊದಲೇ ಹೇಳಿ ಬರುವ ತಪಾಸಣೆ ಎಂಥ ತಪಾಸಣೆಯೋ! ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದೆ: “ಪಗಾರ ಪೂರಾ ಬರ್ತದ, ಬ್ಯಾಂಕಿಗೆ ಬರ್ತದ ಅನ್ರಿ. ಅಷ್ಟ ಸಾಕು.”

ಅಧಿಕಾರಿ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, ಎಲ್ಲರಿಗಿಂತ ಹಿರಿಯಳನ್ನು ಕರೆದ. ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದವಳು. ಗಂಡ ಸಂಡೂರಿನ ಗಣಿಗಳಲ್ಲಿ ದುಡಿದು, ಎದೆ ಕೆಟ್ಟು ಹಾಸಿಗೆ ಹಿಡಿದಿದ್ದ. ಅವಳ ಕೂಲಿ ನಿಂತರೆ ಅವನ ಔಷಧಿ ನಿಲ್ಲುತ್ತಿತ್ತು.

“ಪಗಾರ ಪೂರಾ ಬರ್ತದೇನಮ್ಮಾ?”

“ಪೂರಾ ಬರ್ತದ್ರೀ ಸಾಹೇಬ್ರ. ಬ್ಯಾಂಕಿಗೆ ಬರ್ತದ.”

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ದೊಡ್ಡವರು ಎದುರಿಗೆ ಬಂದಾಗ ತಮಗೆ ಬೇಕಾದವರ ಪರವಾಗಿ ನಾಲ್ಕು ಮಾತು ಆಡುವುದು ನಮ್ಮ ಕಡೆಯ ರೂಢಿ. ಅವಳು ನನ್ನತ್ತ ಕೈ ಮಾಡಿದಳು.

“ಈ ಯಪ್ಪ ಭಾಳ ಚೊಲೋ ಮನುಷ್ಯಾರೀ. ನಮಗ ತ್ರಾಸ ಬ್ಯಾಡಂತ ಎಲ್ಲಾರ ಕಾರ್ಡೂ ತಾವ ಇಟ್ಕಂಡಾರ. ರೊಕ್ಕನೂ ತಾವ ತೆಗದು ಕೈಯಾಗ ಕೊಡ್ತಾರ. ಇವ್ರಿಗೆ ಪಗಾರ ಹೆಚ್ಚು ಮಾಡಸ್ರಿ.”

ಅಧಿಕಾರಿ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಎಲ್ಲ ಬಯಲಾಗುತ್ತಿತ್ತು. ಆ ಪುಣ್ಯಾತ್ಮ ಕೇಳಲಿಲ್ಲ. ಸಾಹುಕಾರನ ಮುಖ ನೋಡಿ ನಕ್ಕ. “ನಿಮ್ಮ ಹೆಂಗಸ್ರಿಗೆ ಮಾತು ಜಾಸ್ತಿ ರೀ,” ಅಂದ. ಎಲ್ಲ ಸರಿಯಿದೆ ಎಂದು ಬರೆದು ಸಹಿ ಮಾಡಿದ. ಅವನ ಜೀಪಿಗೆ ಸೋನಾ ಮಸೂರಿಯ ಚೀಲ ಹೊತ್ತು ಹಾಕಿದ್ದೂ ನಾನೇ.

ಜೀಪು ಹೋದ ಮೇಲೆ ಸಾಹುಕಾರ ಅಂದ: “ನಾಳಿಂದ ಆಕಿ ಬರೋದು ಬ್ಯಾಡ. ನೀನ ಹೇಳು.”

ಬೆಳಿಗ್ಗೆ ಗೇಟಿನಲ್ಲೇ ಹೇಳಿದೆ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

“ನಾ ಏನ್ ತಪ್ಪು ಮಾತಾಡೀನ್ರೀ ಯಪ್ಪಾ? ನಿಮ್ಮ ಬಗ್ಗೆ ಚೊಲೋನ ಹೇಳಿದ್ನಲ್ರೀ.”

ನಿಜ ಹೇಳುವ ಗಂಡಸುತನ ನನಗಿರಲಿಲ್ಲ. ನನಗೂ ಹೆಂಡತಿ ಮಕ್ಕಳಿದ್ದಾರೆ ಎಂದು ಒಳಗೊಳಗೇ ಸಮಾಧಾನ ಹೇಳಿಕೊಂಡೆ. ಎಲ್ಲ ಹೇಡಿಗಳೂ ಹೇಳಿಕೊಳ್ಳುವ ಮಾತು. ಒಳಗೆ ಹೋಗಿ ಅವಳ ಕಾರ್ಡು ತಂದುಕೊಟ್ಟೆ. ಅವಳು ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದಕ್ಕ ಒಂದು ನಂಬರ್ ಇರ್ತದಂತಲ್ರೀ, ಅದೇನು?”

ಹೇಳಿದೆ.

“ನೆನಪಿರಂಗಿಲ್ರೀ. ಏನಾರ ಗುರುತು ಹೇಳ್ರಿ.”

ಏನು ಗುರುತು ಹೇಳಲಿ? ಅದು ನಾನು ಹುಟ್ಟಿದ ಇಸವಿ. ನನಗೆ ಮರೆಯದಿರಲಿ ಎಂದು ಹದಿನೆಂಟು ಕಾರ್ಡಿಗೂ ಅದನ್ನೇ ಇಟ್ಟಿದ್ದೆ.